ಹೆಬ್ಬೆಟ್ಟು ಹತ್ತದ ಅವ್ವನ ಆಧಾರ್

ಆಧಾರ್ ಕಾರ್ಡ್ ಕಳೀತು ಅಂದರೆ ದಾವಣಗೆರೆಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ಅದಕ್ಯಾಕೆ ತಲೆ ಕೆಡಿಸ್ಕಂತೀರಿ, ಆನ್‌ಲೈನ್‌ನಾಗೆ ತಗೀರಿ, ಎರಡು ನಿಮಿಷದ ಕೆಲಸ." ಮಾತು ಸುಳ್ಳಲ್ಲ. ಆಧಾರ್ ನಂಬರ್ ಗೊತ್ತಿದ್ದು, ಅದಕ್ಕೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಓಟಿಪಿ ಬರುತ್ತೆ, ಇ-ಆಧಾರ್ ಇಳಿಯುತ್ತೆ, ಮುಗೀತು. ನಮ್ಮ ಅವ್ವನಿಗೆ ಇವೆರಡೂ ಇರಲಿಲ್ಲ. ಸಾಲದ್ದಕ್ಕೆ ಅವಳ ಬೆರಳಿನ ಗುರುತು ಯಂತ್ರಕ್ಕೆ ಹತ್ತುವುದಿಲ್ಲ. ಇಂಥ ಅವ್ವಂದಿರು ನಮ್ಮೂರಲ್ಲಿ ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಅವರ ಮಕ್ಕಳೋ ಸೊಸೆಯಂದಿರೋ ಓದಿದರೆ ಅನುಕೂಲವಾಗಲಿ ಅಂತ, ಕಳೆದ ವರ್ಷದ ಕೊನೆಯಲ್ಲಿ ನಾವು ಓಡಾಡಿದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಅವ್ವ ಹರಿಹರಕ್ಕೆ ನಮ್ಮ ಅಕ್ಕನ ಮನೆಗೆ ಹೊರಟಿದ್ದಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಅವ್ವನ ಓಡಾಟ ಅವಳ ಕೈಯಲ್ಲೇ ಇದೆ. ಯಾರನ್ನೂ ದುಡ್ಡು ಕೇಳುವುದಿಲ್ಲ, ಯಾರಿಗೂ ಕಾಯುವುದಿಲ್ಲ, ಸರ್ಕಾರಿ ಬಸ್ ನೋಡಿ ಹತ್ತುತ್ತಾಳೆ. ಎಲೆಯಡಿಕೆ ಸಂಚಿಯ ಒಳಖಾನೆಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಆಧಾರ್ ಕಾರ್ಡು, ವೋಟರ್ ಕಾರ್ಡು, ಒಂದಿಷ್ಟು ನೋಟು. ಕಂಡಕ್ಟರ್‌ಗೆ ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಹರಿಸಿಕೊಂಡದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಹರಿಹರದಲ್ಲಿ ಇಳಿದು ಎಲೆ ಹಾಕಿಕೊಳ್ಳಲು ಸೊಂಟಕ್ಕೆ ಕೈ ಹಾಕಿದರೆ ಸಂಚಿಯೇ ಇಲ್ಲ. ಅಕ್ಕನ ಮಗ ಸ್ಟ್ಯಾಂಡಿಗೆ ಓಡಿ ಕಂಟ್ರೋಲರ್‌ಗೆ ಹೇಳಿದ, ಬಸ್ಸಿನವರಿಗೆ ಫೋನ್ ಮಾಡಿಸಿದ. ಸೀಟಿನಡಿ ಏನೂ ಸಿಗಲಿಲ್ಲ. ನೋಟು ಹೋದದ್ದಕ್ಕೆ ಅವ್ವ ಅಳಲಿಲ್ಲ. "ಇನ್ನು ಬಸ್ಸಿಗೆ ರೊಕ್ಕ ಕೊಡಬೇಕಲ್ಲ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು.

ಪೊಲೀಸ್ ಠಾಣೆಗೆ ಹೋಗಬೇಕಾ ಬೇಡವಾ ಅನ್ನುವುದೇ ಮೊದಲ ಗೊಂದಲ. ಠಾಣೆಯಲ್ಲಿದ್ದ ಪೇದೆಯೊಬ್ಬರು ಬಹಳ ಸೌಜನ್ಯದಿಂದ ಹೇಳಿದರು: ಕಳ್ಳತನ ಅಂತ ಅನುಮಾನ ಇದ್ದರೆ ದೂರು ಬರೆದುಕೊಡಿ, ಬರೀ ಕಳೆದುಹೋಗಿದ್ದರೆ ಕರ್ನಾಟಕ ರಾಜ್ಯ ಪೊಲೀಸರ 'ಇ-ಲಾಸ್ಟ್'ನಲ್ಲಿ ನೀವೇ ದಾಖಲಿಸಿ. ಅಲ್ಲೇ ಬೆಂಚಿನ ಮೇಲೆ ಕೂತು ಮೊಬೈಲಲ್ಲಿ ತುಂಬಿಸಿದೆ. ಏನು ಕಳೀತು, ಎಲ್ಲಿ, ಯಾವಾಗ ಅಂತ ಬರೆದರೆ ಸ್ವೀಕೃತಿ ಪತ್ರ ಬರುತ್ತೆ. ಅದು ಎಫ್‌ಐಆರ್ ಅಲ್ಲ, ಅದರ ಮೇಲೆ ಯಾರೂ ತನಿಖೆ ಮಾಡುವುದಿಲ್ಲ. ಕಳೆದದ್ದು ಇಂಥ ದಿನ ಅಂತ ಒಂದು ದಾಖಲೆ, ಅಷ್ಟೇ. ಆಧಾರ್ ಮತ್ತೆ ತೆಗೆಸಲು ಈ ಕಾಗದವನ್ನು ಯಾರೂ ಕೇಳಲಿಲ್ಲ. ವೋಟರ್ ಕಾರ್ಡಿನ ಅರ್ಜಿಗೆ ಲಗತ್ತಿಸಿದೆ. ನಾಳೆ ಆ ಕಾರ್ಡ್ ಇಟ್ಟುಕೊಂಡು ಯಾರಾದರೂ ಏನಾದರೂ ಮಾಡಿದರೆ ನಮ್ಮ ಕಡೆ ಒಂದು ತಾರೀಕು ಇರುತ್ತಲ್ಲ, ಅದಕ್ಕಾದರೂ ಮಾಡಿಸಿಡಬೇಕು.

ಆಮೇಲೆ ಜೆರಾಕ್ಸ್ ಹುಡುಕಾಟ. ಆಧಾರ್ ಕಳೆದರೂ ಅದರ ಹನ್ನೆರಡು ಅಂಕಿ ಬದಲಾಗುವುದಿಲ್ಲ. ಹೊಸ ಕಾರ್ಡಿನಲ್ಲೂ ಅದೇ ನಂಬರ್. ಆ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಟ್ರಂಕಿನ ತಳದಲ್ಲಿ ಒಂದು ಪ್ರತಿ ಸಿಕ್ಕಿತು. ನಾಲ್ಕಾಗಿ ಮಡಚಿಟ್ಟ ಕಾಗದ. ಮಡಿಕೆ ಸರಿಯಾಗಿ ನಂಬರಿನ ಮೇಲೇ ಬಂದು ಮಸಿ ಉದುರಿಹೋಗಿತ್ತು. ಕೊನೆಯ ನಾಲ್ಕಂಕಿ ಮಾತ್ರ ಓದಲು ಬಂತು. ಎನ್‌ರೋಲ್‌ಮೆಂಟ್ ಚೀಟಿಯ ನಂಬರ್ ಇದ್ದರೂ ನಡೆಯುತ್ತೆ ಅಂತ ಗೊತ್ತಾಯಿತು. ಫೋಟೊ ತೆಗೆಸಿದ ದಿನ ಕೊಟ್ಟ ಆ ಚೀಟಿಯನ್ನು ಇಷ್ಟು ವರ್ಷ ಯಾರ ಮನೆಯಲ್ಲಿ ಇಟ್ಟಿರುತ್ತಾರೆ?

ಇಲ್ಲಿ ನಮ್ಮ ಕೈ ಹಿಡಿದದ್ದು 1947. ಆಧಾರ್ ಪ್ರಾಧಿಕಾರದ ಸಹಾಯವಾಣಿ ಅದು, ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಸ್ವಾತಂತ್ರ್ಯ ಬಂದ ವರ್ಷ ಅಂತ ಹೇಳಿದ್ದಕ್ಕೆ ಅವ್ವನಿಗೂ ನಂಬರ್ ಬಾಯಿಗೆ ಬಂದುಬಿಟ್ಟಿದೆ. ಮೊಬೈಲ್ ಜೋಡಿಸದವರಿಗೂ ಇಲ್ಲಿಂದ ನಂಬರ್ ಸಿಗುವ ದಾರಿ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೈಬರ್ ಅಂಗಡಿಯವರೂ ನನಗೆ ಹೇಳಲಿಲ್ಲ.

ದಾರಿ ಹೀಗೆ. ಮೊದಲು ಅಲ್ಲಿನ ಸಿಬ್ಬಂದಿಯ ಜೊತೆ ಮಾತಾಡಬೇಕು. ಅವರು ಹೆಸರು, ಹುಟ್ಟಿದ ವರ್ಷ, ವಿಳಾಸ, ಪಿನ್ ಕೋಡ್ ಕೇಳುತ್ತಾರೆ. ನಾವು ಹೇಳಿದ್ದು ಅವರ ಕಂಪ್ಯೂಟರಿನಲ್ಲಿ ಇರುವುದಕ್ಕೆ ತಾಳೆಯಾದರೆ ಎನ್‌ರೋಲ್‌ಮೆಂಟ್ ನಂಬರ್ ಹೇಳುತ್ತಾರೆ. ಬರೆದುಕೊಂಡು ಮತ್ತೆ 1947ಕ್ಕೇ ಕರೆ ಮಾಡಿ, ಈ ಸಲ ಮನುಷ್ಯರ ಬದಲು ಯಂತ್ರದ ದನಿಗೆ ಆ ನಂಬರ್, ಹುಟ್ಟಿದ ದಿನದ ವಿವರ, ಪಿನ್ ಕೋಡ್ ಒತ್ತಿದರೆ ಅದು ಆಧಾರ್ ನಂಬರ್ ಓದಿ ಹೇಳುತ್ತೆ.

ಮೊದಲ ಕರೆಯಲ್ಲಿ ತಾಳೆಯಾಗಲಿಲ್ಲ. ಆ ಕಡೆ ಇದ್ದ ಹುಡುಗಿ, "ಹೆಸರು ಇನ್ನೊಂದು ಸಲ ನೋಡಿ ಹೇಳಿ ಮೇಡಂ, ನೀವು ಹೇಳ್ತಿರೋ ಸ್ಪೆಲಿಂಗ್ ಬರ್ತಿಲ್ಲ" ಅಂದಳು. ಅವ್ವನ ಹೆಸರು ಹನುಮಕ್ಕ. ಅದನ್ನು ಬೇರೆ ಹೇಗೆ ಬರೆಯುತ್ತಾರೆ? ರಾತ್ರಿ ಸಂಧ್ಯಾ ಸುರಕ್ಷಾ ಪಿಂಚಣಿಯ ಆದೇಶ ಪತ್ರ ತೆಗೆದು ನೋಡಿದರೆ ಅಲ್ಲಿ ಇಂಗ್ಲಿಷಿನಲ್ಲಿ ಎಚ್ ಅಕ್ಷರವೇ ಇಲ್ಲದೆ ಎ-ಯಿಂದಲೇ ಶುರುವಾಗಿ 'ಅನುಮಕ್ಕ' ಅಂತಿದೆ. ಪಿಂಚಣಿಗೆ ಅರ್ಜಿ ಹಾಕುವಾಗ ಆಧಾರ್ ನೋಡಿಯೇ ಹೆಸರು ಹೊಡೆದಿರುತ್ತಾರೆ. ಹುಟ್ಟಿದ ವರ್ಷವೂ ಅದರಲ್ಲೇ ಇತ್ತು. ಮರುದಿನ ಅದನ್ನೇ ಹೇಳಿದೆ, ಹಳೇ ದಾವಣಗೆರೆಯ ಬಾಡಿಗೆ ಮನೆ ವಿಳಾಸ ಹೇಳಿದೆ, 577001 ಅಂದೆ. ತಾಳೆಯಾಯಿತು. ಫೋನನ್ನು ಸ್ಪೀಕರ್‌ಗೆ ಹಾಕಿ ಅವ್ವನ ಕೈಲೇ "ಹೌದ್ರಿ, ನಾನೇ" ಅನ್ನಿಸಿದೆ. ಹಾಗಾಗಿ ನನ್ನ ಸಲಹೆ: ಕರೆ ಮಾಡುವ ಮೊದಲು ಹಳೆಯ ಪಿಂಚಣಿ ಆದೇಶ, ಪಾಸ್‌ಬುಕ್, ಗ್ಯಾಸ್ ಪುಸ್ತಕ, ಏನಿದೆಯೋ ಎಲ್ಲ ಮುಂದೆ ಹರಡಿಕೊಂಡು ಕೂರಿ. ನಮ್ಮ ಬಾಯಲ್ಲಿರುವ ಹೆಸರು ಬೇರೆ, ಕ್ಯಾಂಪಿನಲ್ಲಿ ಟೈಪ್ ಆದ ಹೆಸರು ಬೇರೆ ಇರಬಹುದು.

ಹನ್ನೆರಡು ಅಂಕಿಯೂ ಸಿಕ್ಕಿತು. ಕೊನೆಯ ನಾಲ್ಕು ಅಂಕಿ ಟ್ರಂಕಿನ ಜೆರಾಕ್ಸಿಗೆ ಸರಿಹೋದಾಗ ಆದ ಸಮಾಧಾನ ಹೇಳತೀರದು.

ನಂಬರ್ ಸಿಕ್ಕ ಮೇಲೆ ಪ್ರಾಧಿಕಾರದ ಜಾಲತಾಣದಲ್ಲಿ ಅದು ಚಾಲ್ತಿಯಲ್ಲಿದೆಯಾ ಅಂತ ಪರೀಕ್ಷಿಸುವ ಸೌಲಭ್ಯ ನೋಡಿದೆ. ಅದಕ್ಕೆ ಓಟಿಪಿ ಬೇಡ. ವಯಸ್ಸಿನ ಅಂದಾಜು, ಹೆಣ್ಣೋ ಗಂಡೋ, ಯಾವ ರಾಜ್ಯ, ಮತ್ತು ಜೋಡಿಸಿರುವ ಮೊಬೈಲಿನ ಕೊನೆಯ ಮೂರಂಕಿ ತೋರಿಸುತ್ತೆ. ಅವ್ವನದಕ್ಕೆ ಮೂರಂಕಿ ಬಂತು. ನಮ್ಮ ಮನೆಯಲ್ಲಿ ಯಾರ ನಂಬರೂ ಅದರಿಂದ ಮುಗಿಯುವುದಿಲ್ಲ. ಅವ್ವನನ್ನು ಕೇಳಿದರೆ ಹಳೆಯ ಕಥೆ ಬಿಚ್ಚಿಕೊಂಡಿತು. ಆಗ ಅವಳು ಕೆಲಸ ಮಾಡುತ್ತಿದ್ದ ಮಂಡಕ್ಕಿ ಭಟ್ಟಿಯ ಹತ್ತಿರದ ಶಾಲೆಯಲ್ಲಿ ಆಧಾರ್ ಕ್ಯಾಂಪ್ ಹಾಕಿದ್ದರು. ಹೆಂಗಸರ ಹತ್ತಿರ ಮೊಬೈಲ್ ಎಲ್ಲಿತ್ತು? ಕಂಪ್ಯೂಟರ್ ಮುಂದೆ ಕೂತವನು ನಂಬರ್ ಕೇಳಿದಾಗ ಮೇಸ್ತ್ರಿ, "ನಂದೇ ಹಾಕ್ಕಳ್ರಿ ಎಲ್ಲಾರಿಗೂ" ಅಂದನಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಅದೇ ನಂಬರ್.

ಮೇಸ್ತ್ರಿ ತೀರಿಕೊಂಡು ವರ್ಷಗಳಾದವು. ಅವರ ಮನೆಯವರಿಂದ ಹಳೆಯ ನಂಬರ್ ಪಡೆದು ನೋಡಿದರೆ ಆ ಮೂರಂಕಿ ಅದರದ್ದೇ. ಕರೆ ಮಾಡಿದೆ. ಕೋಲಾರದ ಕಡೆಯ ಮಾತಿನ ಧಾಟಿಯ ಒಬ್ಬರು ಎತ್ತಿದರು. ಬಹಳ ದಿನ ರೀಚಾರ್ಜ್ ಆಗದ ನಂಬರನ್ನು ಮೊಬೈಲ್ ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆ, ಅದು ಅವರ ತಪ್ಪಲ್ಲ. "ಅಯ್ಯೋ, ಅದಕ್ಕೇ ನನಗೆ ಆಗಾಗ ಆಧಾರ್ ಓಟಿಪಿ ಬರುತ್ತೆ, ಯಾರದು ಅಂತ ಗೊತ್ತಾಗ್ತಿರಲಿಲ್ಲ" ಅಂದರು ಆ ಮನುಷ್ಯ. ಒಳ್ಳೆಯವರೇ ಇರಬೇಕು. ಆದರೆ ಒಳ್ಳೆಯವರಲ್ಲದವರ ಕೈಗೆ ಆ ನಂಬರ್ ಹೋಗಿದ್ದರೆ? ಸಂಚಿ ಕಳೆದ ದಿನಕ್ಕಿಂತ ಈ ಕರೆ ಮುಗಿಸಿದ ಹೊತ್ತಿಗೆ ನನಗೆ ಹೆಚ್ಚು ಭಯವಾಯಿತು. ಅವ್ವನ ಆಧಾರ್ ಆ ದಿನ ಬಸ್ಸಿನಲ್ಲಿ ಕಳೆದದ್ದಲ್ಲ. ಆ ಸಿಮ್ ಬೇರೆಯವರ ಪಾಲಾದ ದಿನವೇ ಕಳೆದುಹೋಗಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ.

ಎರಡು ಕೆಲಸ ಮಾಡಬೇಕಿತ್ತು: ಕೈಗೆ ಒಂದು ಕಾರ್ಡ್ ಬರಬೇಕು, ಮೊಬೈಲ್ ಬದಲಾಗಬೇಕು. ಮೊದಲನೆಯದು ಸುಲಭ. ಪ್ರಾಧಿಕಾರ 2020ರಿಂದ ಪಿವಿಸಿ ಕಾರ್ಡ್, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಆಧಾರ್ ಕಾರ್ಡ್, ಕೊಡುತ್ತಿದೆ. ಅದನ್ನು ತರಿಸಲು ಜೋಡಿಸಿದ ಮೊಬೈಲೇ ಬೇಕು ಅಂತಿಲ್ಲ. ನಂಬರ್ ಹಾಕಿ, 'ನನ್ನ ಮೊಬೈಲ್ ನೋಂದಣಿಯಾಗಿಲ್ಲ' ಅನ್ನುವ ಜಾಗದಲ್ಲಿ ಗುರುತು ಮಾಡಿದರೆ ಬೇರೆ ಯಾವ ಮೊಬೈಲಿಗೆ ಬೇಕಾದರೂ ಓಟಿಪಿ ಬರುತ್ತೆ. ಕಾರ್ಡ್ ಹೇಗಿರುತ್ತೆ ಅಂತ ಮುಂಚೆ ತೋರಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ನಾನು ಕಟ್ಟಿದಾಗ 50 ರೂಪಾಯಿ ಇತ್ತು. ಐದು ಕೆಲಸದ ದಿನದೊಳಗೆ ಅಂಚೆ ಇಲಾಖೆಗೆ ಒಪ್ಪಿಸುತ್ತಾರೆ, ಸ್ಪೀಡ್ ಪೋಸ್ಟಿನಲ್ಲಿ ಬರುತ್ತೆ. ಬರುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ನಾವು ಈಗ ನಿಟ್ಟುವಳ್ಳಿಯಲ್ಲಿದ್ದೇವೆ, ವಿಳಾಸ ಹಳೇ ಊರಿನದು. ಆ ಓಣಿಯ ಪೋಸ್ಟ್‌ಮನ್‌ರನ್ನು ಮೊದಲೇ ಹುಡುಕಿ ನನ್ನ ನಂಬರ್ ಕೊಟ್ಟಿದ್ದೆ. ಅವರು ಅವ್ವನನ್ನು ಬಲ್ಲವರೇ. "ಹನುಮಕ್ಕಂದಾ? ಬಂದ್ರೆ ಫೋನ್ ಮಾಡ್ತೀನಿ ಬಿಡಮ್ಮ" ಅಂದವರು ಹಾಗೇ ಮಾಡಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜೆರಾಕ್ಸ್ ಅಂಗಡಿಗಳಲ್ಲಿ "ಎಟಿಎಂ ಕಾರ್ಡ್ ಥರಾ ಮಾಡಿಕೊಡ್ತೀವಿ" ಅಂತ ಪ್ಲಾಸ್ಟಿಕ್ ಕಾರ್ಡ್ ಹೊಡೆದುಕೊಡುತ್ತಾರೆ. 2022ರ ಜನವರಿಯಲ್ಲೇ ಪ್ರಾಧಿಕಾರ ಅಂಥವನ್ನು ಬಳಸಬೇಡಿ ಅಂತ ಹೇಳಿದೆ. ಅಸಲಿ ಪಿವಿಸಿ ಕಾರ್ಡಿನಲ್ಲಿ ಹೊಲೊಗ್ರಾಂ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ, ಮಸುಕಾದ ಇನ್ನೊಂದು ಫೋಟೊ, ಉಬ್ಬಿದ ಲಾಂಛನ ಇರುತ್ತವೆ. ಅಂಗಡಿಯಲ್ಲಿ ಕೊಡುವ ದುಡ್ಡಿಗಿಂತ ಕಡಿಮೆಗೆ ಸರ್ಕಾರದ್ದೇ ಬರುವಾಗ, ನಮ್ಮ ಪೂರ್ತಿ ವಿವರವನ್ನು ಅಪರಿಚಿತರ ಕಂಪ್ಯೂಟರಿನಲ್ಲಿ ಬಿಟ್ಟು ಬರುವುದು ಯಾಕೆ?

ಎರಡನೆಯ ಕೆಲಸವೇ ಕಷ್ಟದ್ದು. ಮೊಬೈಲ್ ಬದಲಾಯಿಸಲು ಯಾವ ದಾಖಲೆಯೂ ಬೇಡ, ಆದರೆ ಆಧಾರ್ ಕೇಂದ್ರಕ್ಕೆ ಅವ್ವನೇ ಬರಬೇಕಿತ್ತು, ತಾನು ತಾನೇ ಅಂತ ದೇಹದ ಗುರುತು ಕೊಡಬೇಕಿತ್ತು.

ಅವ್ವನ ಬೆರಳಿನ ಬಗ್ಗೆ ಹೇಳದೆ ಇದು ಅರ್ಥವಾಗುವುದಿಲ್ಲ. ದಾವಣಗೆರೆ ಅಂದರೆ ಹೊರಗಿನವರಿಗೆ ಬೆಣ್ಣೆದೋಸೆ. ಊರಿನವರಿಗೆ ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ. ಆ ಮಂಡಕ್ಕಿ ಆಗುವುದು ಹಳೇ ಊರಿನ ಭಟ್ಟಿಗಳಲ್ಲಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಸುರಿಯುತ್ತಾರೆ. ಅಕ್ಕಿ ಅರಳಿದ ತಕ್ಷಣ ಜರಡಿಗೆ ಎತ್ತಿ ಮರಳು ಬೇರೆ ಮಾಡಬೇಕು, ತಡವಾದರೆ ಸೀಯುತ್ತೆ. ಅವ್ವನದು ಜರಡಿಯ ಕೆಲಸ. ಮದುವೆಯಾಗಿ ಬಂದ ವರ್ಷ ಶುರು ಮಾಡಿದವಳು ಮೊಣಕಾಲು ಸೋಲುವವರೆಗೂ ಮಾಡಿದಳು. ಬಿಸಿ ಮರಳು, ಉಪ್ಪು, ಮಂಡಕ್ಕಿ, ದಿನಾ ಅದೇ. ಈಗ ಅವಳ ಬೆರಳ ತುದಿಗಳನ್ನು ಬಿಸಿಲಿಗೆ ಹಿಡಿದು ನೋಡಿದರೆ ಗೆರೆಗಳೇ ಇಲ್ಲ. ಚರ್ಮ ಮಣ್ಣಿನ ಕುಡಿಕೆಯ ಕಂಠದಂತೆ ನಯವಾಗಿ ಹೊಳೆಯುತ್ತೆ. ಬಲಗೈ ತೋರುಬೆರಳಿನ ಮೇಲೆ ಎರಡು ಅಡ್ಡ ಬಿರುಕುಗಳಿವೆ, ಯಂತ್ರ ಅದನ್ನೇ ಗೆರೆ ಅಂತ ತಿಳಿದು ಗಲಿಬಿಲಿಯಾಗುತ್ತೆ. ಸೊಸೈಟಿಯಲ್ಲಿ ಅಕ್ಕಿ ತರಲು ಹೋದಾಗಲೂ ಅವ್ವನ ಹೆಬ್ಬೆಟ್ಟು ಹತ್ತುವುದಿಲ್ಲ. ತಮ್ಮನದು ಹತ್ತುತ್ತೆ, ಹಾಗಾಗಿ ಪಡಿತರ ನಿಂತಿಲ್ಲ. ಒಂಟಿಯಾಗಿರುವ ಮುದುಕಿಯರ ಪಾಡೇನು ಅನ್ನುವುದನ್ನು ನಾನು ಅಲ್ಲೇ ಸಾಲಿನಲ್ಲಿ ನಿಂತು ನೋಡಿದ್ದೇನೆ. ಮೊಬೈಲ್ ಜೋಡಣೆಯಾಗಿದ್ದರೆ ಓಟಿಪಿಯಾದರೂ ಬರುತ್ತೆ. ಬೆರಳೂ ಇಲ್ಲ, ಮೊಬೈಲೂ ಇಲ್ಲ ಅಂದರೆ ಅಂಗಡಿಯವರ ದಯೆ.

ಮೊದಲು ಹೋದ ಕೇಂದ್ರದ ಹೆಸರು ಬೇಡ. ಬೆಳಗ್ಗೆಯೇ ಟೋಕನ್ ತಗೊಂಡು ಕೂತೆವು. ಜಗಳೂರಿನಿಂದ, ಚನ್ನಗಿರಿ ಕಡೆಯಿಂದ ಮೊದಲ ಬಸ್ಸಿಗೆ ಬಂದವರೂ ಇದ್ದರು, ಹೆಚ್ಚಿನವರು ಮಕ್ಕಳನ್ನು ಕರೆದುಕೊಂಡು. ನಮ್ಮ ಸರದಿ ಬಂತು. ಅಲ್ಲಿದ್ದವರು ಅವ್ವನ ಬೆರಳನ್ನು ಗಾಜಿನ ಮೇಲೆ ಒತ್ತಿಸಿದರು. ಬರಲಿಲ್ಲ. ಇನ್ನೊಂದು ಬೆರಳು. ಅದೂ ಬರಲಿಲ್ಲ. "ಫಿಂಗರ್ ಬರಲ್ಲಮ್ಮ ಇವರದು. ಏನೂ ಮಾಡಾಕೆ ಬರಂಗಿಲ್ಲ. ನೆಕ್ಸ್ಟ್."

"ಸರ್, ಕಣ್ಣಿಂದು ನೋಡಬೌದಲ್ಲ?" ಅಂದೆ.

"ಅದೆಲ್ಲ ಇಲ್ಲಿ ಮಾಡಲ್ರಿ. ಕೈಗೆ ಒಂದು ತಿಂಗಳು ಕೊಬ್ಬರಿ ಎಣ್ಣೆ ಹಚ್ಚಿ ಕರ್ಕಂಡು ಬರ್ರಿ."

ಯಂತ್ರದ ಪಕ್ಕದಲ್ಲೇ ಕಣ್ಣಿನ ಪಾಪೆ ತೆಗೆಯುವ ಸಾಧನ ಕೇಬಲ್ ಸುತ್ತಿಕೊಂಡು ಕೂತಿತ್ತು. ಆಧಾರ್‌ಗೆ ಹೆಸರು ನೋಂದಾಯಿಸುವಾಗ ಹತ್ತೂ ಬೆರಳು, ಎರಡೂ ಕಣ್ಣಿನ ಪಾಪೆ, ಮುಖ, ಮೂರನ್ನೂ ತೆಗೆದುಕೊಂಡಿರುತ್ತಾರೆ. ಬೆರಳು ಸವೆದವರಿಗೆ ಕಣ್ಣಿದೆ ಅಂತಲೇ ಅಲ್ಲವೇ ಅದನ್ನು ತೆಗೆದದ್ದು? ಜನ ಹೆಚ್ಚು, ಕೆಲಸದ ಒತ್ತಡ, ಎಲ್ಲ ಒಪ್ಪುತ್ತೇನೆ. ಆದರೆ ಎಪ್ಪತ್ತರ ಹತ್ತಿರದ ಹೆಂಗಸಿಗೆ ಎಲ್ಲರ ಎದುರು, ನಿನ್ನ ಕೈಯೇ ಸರಿಯಿಲ್ಲ ಅನ್ನುವ ಹಾಗೆ ಹೇಳಿ ಕಳಿಸುವುದನ್ನು ಒಪ್ಪಲಾರೆ. ಹೊರಗೆ ಬಂದು ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳು. "ದುಡಿದ ಕೈ ಅವ್ವಾ, ಅದಕ್ಕೇನಾಗಬೇಕು" ಅಂದೆ. ಏನೂ ಮಾತಾಡಲಿಲ್ಲ.

1947ಕ್ಕೆ ಮತ್ತೆ ಕರೆ ಮಾಡಿ ಕೇಳಿದೆ. ಕೇಂದ್ರದಲ್ಲಿ ಕಣ್ಣಿನ ಪಾಪೆಯಿಂದಲೂ ಗುರುತು ದೃಢಪಡಿಸಬಹುದು, ಬೆರಳು ಸವೆದಿದ್ದರೆ ಬಯೊಮೆಟ್ರಿಕ್ ಪೂರ್ತಿ ನವೀಕರಣ ಮಾಡಿಸಿ ಅಂದರು. ಆ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮುಂದಿನ ವಾರ ಅಂಚೆ ಕಚೇರಿಯ ಆಧಾರ್ ಕೌಂಟರಿಗೆ ಹೋದೆವು.

ಅಲ್ಲಿ ಕೂತಿದ್ದದ್ದು ಇಪ್ಪತ್ತೈದು ದಾಟದ ಹುಡುಗಿ. ನಾನು ಚೀಟಿ ತೆಗೆಯುವ ಮುಂಚೆಯೇ ಅವ್ವನ ಕೈ ಹಿಡಿದು ನೋಡಿ, "ಅಜ್ಜೀ, ಭಟ್ಟಿ ಕೆಲಸ ಮಾಡ್ತಿದ್ರಾ?" ಅಂತ ಕೇಳಿದಳು. ನನಗೆ ಗಂಟಲು ಕಟ್ಟಿತು. ಅವಳ ಮನೆಯವರೂ ಅದೇ ಕೆಲಸದವರಂತೆ. "ಬೆರಳು ಆಮೇಲೆ ನೋಡಾಣ, ಮೊದಲು ಕಣ್ಣು" ಅಂದು ಸಾಧನವನ್ನು ಅವ್ವನ ಮುಖಕ್ಕೆ ಹಿಡಿದಳು. ಅವ್ವ ಹೆದರಿ ಕಣ್ಣು ಚಿವುಟಿದಳು. "ದೇವರ ಮೂರ್ತಿ ನೋಡ್ದಂಗೆ ಅಗಲಿಸಿ ನೋಡ್ರಿ ಅಜ್ಜಿ. ದುಗ್ಗಮ್ಮ ಕಾಣ್ತಾಳೆ ಅಂದ್ಕಳ್ರಿ." ಅವ್ವನ ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಅದು ತೊಂದರೆ ಕೊಟ್ಟೀತೇ ಅಂತ ನನಗೆ ಅಳುಕಿತ್ತು. ಎರಡೂ ಕಣ್ಣು ಬಂದವು.

ಆಮೇಲೆ ಬೆರಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಗಾಜು ಒರೆಸಿ, ಎಡಗೈ ನಾಲ್ಕು, ಬಲಗೈ ನಾಲ್ಕು, ಕೊನೆಗೆ ಎರಡು ಹೆಬ್ಬೆಟ್ಟು. ಒತ್ತಡ ಹೆಚ್ಚಾದರೂ ಗುರುತು ಮಸುಕಾಗುತ್ತೆ ಅಂತ ಅವ್ವನ ಕೈ ಮೇಲೆ ತನ್ನ ಕೈ ಇಟ್ಟು ಹದವಾಗಿ ಒತ್ತಿದಳು. ಪರದೆಯ ಮೇಲೆ ಹೆಚ್ಚಿನ ಬೆರಳು ಕೆಂಪು ತೋರಿಸಿದವು. ಎಡಗೈಯ ಉಂಗುರ ಬೆರಳು ಮಾತ್ರ ಹಸಿರು. "ಇದನ್ನ ನೆನಪಿಟ್ಕಳ್ರಿ ಅಜ್ಜಿ, ಸೊಸೈಟಿಯಾಗೆ ಹೆಬ್ಬೆಟ್ಟು ಇಡಬ್ಯಾಡ್ರಿ, ಇದನ್ನೇ ಇಡ್ರಿ" ಅಂದಳು. ಇಷ್ಟು ವರ್ಷದಲ್ಲಿ ಯಾರೂ ಹೇಳದಿದ್ದ ಮಾತು. ಹೆಬ್ಬೆಟ್ಟೇ ಬೇಕು ಅಂತ ಎಲ್ಲೂ ನಿಯಮವಿಲ್ಲ, ಹತ್ತರಲ್ಲಿ ಯಾವುದು ಹತ್ತಿದರೂ ಆಯಿತು.

ಬಯೊಮೆಟ್ರಿಕ್ ನವೀಕರಣಕ್ಕೆ 125 ರೂಪಾಯಿ. ಅದರ ಜೊತೆಗೇ ಮಾಡಿದ್ದರಿಂದ ಮೊಬೈಲ್ ಬದಲಾವಣೆಗೆ ಬೇರೆ ದುಡ್ಡು ತಗೊಳ್ಳಲಿಲ್ಲ. ಬರೀ ಮೊಬೈಲ್ ಅಷ್ಟೇ ಬದಲಾಯಿಸಿದ್ದರೆ 75. 2025ರ ಅಕ್ಟೋಬರ್‌ನಿಂದ ಈ ದರ. ಹೆಸರಿನ ತಪ್ಪು ತಿದ್ದಿಸುವುದಕ್ಕೆ ದಾಖಲೆ ಬೇಕು, ಅದನ್ನು ಆ ದಿನ ಮುಟ್ಟಲಿಲ್ಲ. ಪಿಂಚಣಿಯಿಂದ ಹಿಡಿದು ಎಲ್ಲ ಕಡೆ ಆ ಹೆಸರೇ ಇರುವಾಗ ಒಂದೇ ಕಡೆ ತಿದ್ದಿದರೆ ಮತ್ತೆ ಎಲ್ಲಿ ತಾಳೆ ತಪ್ಪುತ್ತೋ ಅಂತ ಯೋಚನೆ. ನವೀಕರಣದ ಚೀಟಿ ಕೊಟ್ಟರು, ಅದರ ಮೇಲಿನ ನಂಬರ್ ಹಾಕಿದರೆ ಕೆಲಸ ಎಲ್ಲಿಗೆ ಬಂತು ಅಂತ ಜಾಲತಾಣದಲ್ಲಿ ಕಾಣುತ್ತೆ. ಈ ಸಲ ಚೀಟಿಯ ಫೋಟೊ ತೆಗೆದು ಮನೆಯವರೆಲ್ಲರಿಗೂ ಕಳಿಸಿದೆ.

ಜೋಡಣೆಯಾದ ಸಂದೇಶ ಅವ್ವನ ಸಣ್ಣ ಕೀಪ್ಯಾಡ್ ಮೊಬೈಲಿಗೇ ಬಂತು. ನನ್ನ ನಂಬರ್ ಕೊಡಬಹುದಿತ್ತು. ಕೊಡಲಿಲ್ಲ. ಮೇಸ್ತ್ರಿಯ ನಂಬರ್ ಕೊಟ್ಟು ಆದದ್ದೇ ಸಾಕು. ಅವ್ವನ ಗುರುತು ಅವ್ವನ ಕೈಯಲ್ಲೇ ಇರಲಿ. ಓಟಿಪಿ ಓದಲು ಬರದಿದ್ದರೆ ಮೊಮ್ಮಗ ಓದುತ್ತಾನೆ. ಯಾರು ಫೋನ್ ಮಾಡಿ ಕೇಳಿದರೂ ಹೇಳಬಾರದು ಅಂತ ಅವಳಿಗೆ ಚೆನ್ನಾಗಿ ತಿಳಿಸಿದ್ದೇವೆ. ಆ ಸಿಮ್‌ಗೆ ತಪ್ಪದೆ ರೀಚಾರ್ಜ್ ಮಾಡಿಸುವುದು ನನ್ನ ಜವಾಬ್ದಾರಿ.

ಅಂದೇ ರಾತ್ರಿ ಇ-ಆಧಾರ್ ಇಳಿಸಿದೆ. ಕಡತ ತೆರೆಯಲು ಗುಪ್ತಪದ ಕೇಳುತ್ತೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಆಮೇಲೆ ಹುಟ್ಟಿದ ವರ್ಷ. ಎಚ್ ಇಲ್ಲದ ಹೆಸರೇ ಹಾಕಬೇಕು ಅನ್ನುವುದು ಈಗ ಗೊತ್ತಿತ್ತಲ್ಲ, ಒಂದೇ ಸಲಕ್ಕೆ ತೆರೆಯಿತು. ಅದಕ್ಕಿಂತ ಮುಖ್ಯವಾಗಿ ನೋಡಿದ್ದು, ಕಳೆದ ಆರು ತಿಂಗಳಲ್ಲಿ ಈ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿ. ಕಾರ್ಡ್ ಕಳೆದವರು ಇದನ್ನು ಮರೆಯದೆ ನೋಡಬೇಕು. ನಮ್ಮದರಲ್ಲಿ ಸೊಸೈಟಿಯ ವಿಫಲ ಪ್ರಯತ್ನಗಳ ಸಾಲು, ಅಂಚೆ ಕಚೇರಿಯದು, ಅಷ್ಟೇ. ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಬಯೊಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವೂ ಇದೆ, ಬ್ಯಾಂಕ್ ಕೆಲಸ ಹೆಚ್ಚಿರುವವರು ಮಾಡಿಕೊಳ್ಳುವುದು ಒಳ್ಳೆಯದು. ಅವ್ವನದಕ್ಕೆ ನಾನು ಮಾಡಲಿಲ್ಲ. ಲಾಕ್ ಆದರೆ ಸೊಸೈಟಿಯಲ್ಲಿ ಆ ಉಂಗುರ ಬೆರಳೂ ನಡೆಯುವುದಿಲ್ಲ.

ವೋಟರ್ ಕಾರ್ಡಿನದು ಇಷ್ಟು ತ್ರಾಸವಾಗಲಿಲ್ಲ. ಕಳೆದ ಕಾರ್ಡಿನ ಬದಲಿಗೆ ಬೇರೆ ಕಾರ್ಡ್ ಬೇಕಾದರೂ ಈಗ ನಮೂನೆ 8. ವಿಳಾಸ ಬದಲಾವಣೆ, ತಿದ್ದುಪಡಿಗೂ ಅದೇ ನಮೂನೆ. ಹಳೆಯ ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಕಾರ್ಡಿನ ನಂಬರ್ ಸಿಗುತ್ತೆ. ನಮ್ಮ ಮತಗಟ್ಟೆಯ ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವವರು, ಅಂಗನವಾಡಿ ಟೀಚರ್, ಅವರೇ ಮನೆಗೆ ಬಂದು ನೋಡಿ ಹೋದರು. ಮೊಬೈಲ್ ಇದ್ದವರು 2021ರಿಂದ ಇ-ಎಪಿಕ್, ಅಂದರೆ ಡಿಜಿಟಲ್ ವೋಟರ್ ಕಾರ್ಡ್ ಕೂಡ ಇಳಿಸಿಕೊಳ್ಳಬಹುದು. ಏನಾದರೂ ಸಂಶಯವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಪಿವಿಸಿ ಕಾರ್ಡ್ ಬಂದ ಮೇಲೆ ಅವ್ವ ಹರಿಹರಕ್ಕೆ ಹೋಗಿ ಬಂದಿದ್ದಾಳೆ. ಕಾರ್ಡು ಈಗ ಸಂಚಿಯಲ್ಲಿಲ್ಲ, ಕೊರಳಿಗೆ ಹಾಕಿಕೊಳ್ಳುವ ಸಣ್ಣ ಚೀಲ ಹೊಲಿಸಿಕೊಟ್ಟಿದ್ದೇನೆ. ಎರಡು ಜೆರಾಕ್ಸ್ ಮಡಚದೆ ಫೈಲಿನಲ್ಲಿವೆ.

ನನ್ನ ಮನಸ್ಸಿನಿಂದ ಹೋಗದೆ ಇರುವುದು ಮೇಸ್ತ್ರಿಯ ನಂಬರಿನ ಉಳಿದ ಹೆಂಗಸರು. ಅವ್ವನನ್ನು ಕೂರಿಸಿಕೊಂಡು ಹೆಸರು ಬರೆಸಿದೆ. ಆ ದಿನ ಶಾಲೆಯ ಸಾಲಿನಲ್ಲಿ ನಿಂತಿದ್ದವರಲ್ಲಿ ಯಾರು ಇದ್ದಾರೆ, ಯಾರು ಇಲ್ಲ, ಯಾರು ಮಗಳ ಊರಿಗೆ ಹೋದರು ಎಲ್ಲ ಹೇಳಿದಳು. ಸಿಕ್ಕವರ ಮನೆಗೆ ಹೋಗಿ, ಅವರ ಕಾರ್ಡ್ ನೋಡಿ, ಮೊಬೈಲಿನ ಕೊನೆಯ ಮೂರಂಕಿ ಪರೀಕ್ಷಿಸಿದೆ. ಒಬ್ಬರ ನಂತರ ಒಬ್ಬರದು ಅದೇ ಮೂರಂಕಿ. ಇವರ ಕಾರ್ಡುಗಳು ಯಾವುವೂ ಕಳೆದಿಲ್ಲ, ಗೋಡೆಯ ಮೊಳೆಗೆ ತೂಗುಹಾಕಿದ ಕವರಿನಲ್ಲಿ ಭದ್ರವಾಗಿವೆ. ಆದರೆ ಓಟಿಪಿ ಹೋಗುತ್ತಿರುವುದು ಕೋಲಾರಕ್ಕೆ. ಅವರಲ್ಲಿ ಇಬ್ಬರಿಗೆ ಮಕ್ಕಳಿಲ್ಲ, ಒಬ್ಬರಿಗೆ ಕಣ್ಣು ಪೂರ್ತಿ ಮಂಜಾಗಿದೆ.

ನಾನು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವಳು, ರಜೆ ಸಿಗುವುದು ಕಡಿಮೆ. ಅಂಗಡಿಯ ಯಜಮಾನರಿಗೆ ವಿಷಯ ಹೇಳಿದ್ದಕ್ಕೆ ವಾರಕ್ಕೊಂದು ಬೆಳಗ್ಗೆ ತಡವಾಗಿ ಬರಲು ಒಪ್ಪಿದ್ದಾರೆ. ಮೊದಲು ಗೌರಕ್ಕ ಚಿಗವ್ವನ ಸರದಿ, ಬರುವ ಮಂಗಳವಾರ. ಅವರ ಬೆರಳು ಅವ್ವನದಕ್ಕಿಂತ ಸವೆದಿದೆ. ಹೊಸ ಸಿಮ್ ತಗೊಂಡಾಗಿದೆ, ಕೌಂಟರಿನ ಹುಡುಗಿಗೂ ಹೇಳಿ ಬಂದಿದ್ದೇನೆ. "ಒಬ್ಬೊಬ್ಬರನ್ನೇ ಕರ್ಕಂಡು ಬರ್ರಿ ಅಕ್ಕ, ಬೆಳಗ್ಗೆ ಗದ್ದಲ ಆಗೋದ್ರೊಳಗೆ. ಕಣ್ಣಿಂದ ಶುರು ಮಾಡಾಣ" ಅಂದಿದ್ದಾಳೆ.